ಏನೂ ನಡೆಯದ ಸಂಗೀತ, ಏನನ್ನೋ ಕೇಳುವ ಕಿವಿ

ಮಿನಿಮಲ್ ಟೆಕ್ನೋ ಎಂಬ ಸಂಗೀತಪ್ರಕಾರದ ಒಂದು ಆಲ್ಬಮ್ಮಿನ ಬಗ್ಗೆ ಕೇಳುಗರು ಕೊಡುವ ತೀರ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅವೆಲ್ಲ ಒಂದೇ ಕೃತಿಯನ್ನು ಕುರಿತವು ಎಂದು ನಂಬುವುದು ಕಷ್ಟವಾಗುತ್ತದೆ. ಒಬ್ಬರಿಗೆ ಅದರಲ್ಲಿ ಏನೂ ನಡೆಯುವುದಿಲ್ಲ, ಯಂತ್ರವನ್ನು ಚಾಲೂ ಮಾಡಿ ಯಾರೋ ಎದ್ದುಹೋದಂತಿದೆ. ಇನ್ನೊಬ್ಬರಿಗೆ ಅದೇ ಗಂಟೆಯ ಅವಧಿಯಲ್ಲಿ ಕೋಣೆಯ ಅಳತೆಯೇ ಬದಲಾಗುತ್ತದೆ, ಕತ್ತಲಿಗೆ ಆಳ ಬರುತ್ತದೆ, ಹೊತ್ತು ಹೋದದ್ದು ತಿಳಿಯುವುದಿಲ್ಲ. ರಾಗಸಂಗೀತದಲ್ಲಾಗಲಿ ಚಿತ್ರಗೀತೆಯಲ್ಲಾಗಲಿ ಭಿನ್ನಾಭಿಪ್ರಾಯ ಸಾಮಾನ್ಯವಾಗಿ ಹಾಡುಗಾರಿಕೆಯ ಗುಣಮಟ್ಟದ ಮೇಲೆ ನಡೆಯುತ್ತದೆ; ಇಲ್ಲಿ ಮಾತ್ರ ಕೃತಿಯೊಳಗೆ ಏನಾದರೂ ಇದೆಯೋ ಇಲ್ಲವೋ ಎಂಬುದರ ಮೇಲೆಯೇ ಜಗಳ. ಈ ಜಗಳ ಸಂಗೀತಕ್ಕಿಂತ ಹೆಚ್ಚಾಗಿ ಕೇಳುಗನಿಗೆ ಅಲ್ಲಿ ಸಿಕ್ಕ ಅಥವಾ ಸಿಗದ ಪಾತ್ರಕ್ಕೆ ಸಂಬಂಧಿಸಿದ್ದು. ಅದನ್ನು ಅರ್ಥ ಮಾಡಿಕೊಳ್ಳಲು ಡೆಟ್ರಾಯಿಟ್ ಮತ್ತು ಬರ್ಲಿನ್ ಎಷ್ಟು ನೆರವಾಗುತ್ತವೆಯೋ ಚಿತ್ರದುರ್ಗ ಜಿಲ್ಲೆಯ ಉರುಮೆ ಮತ್ತು ಗಣೆ ಎಂಬ ವಾದ್ಯಗಳೂ ಅಷ್ಟೇ ನೆರವಾಗುತ್ತವೆ.

ಟೆಕ್ನೋ ಎಂದರೆ ಡ್ರಮ್ ಮಷೀನ್ ಮತ್ತು ಸಿಂಥಸೈಜರ್‌ಗಳಿಂದ, ಎಂದರೆ ತಾಳವನ್ನೂ ಸ್ವರವನ್ನೂ ವಿದ್ಯುತ್ತಿನಿಂದ ಹುಟ್ಟಿಸುವ ಯಂತ್ರಗಳಿಂದ, ನಿಮಿಷಕ್ಕೆ ಸರಿಸುಮಾರು 120ರಿಂದ 140 ಬಡಿತಗಳ ಸಮಗತಿಯಲ್ಲಿ ಕಟ್ಟಿದ ಕುಣಿತದ ಸಂಗೀತ. ಅದು 1980ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ, ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕಪ್ಪು ಯುವಕರ ಕೈಯಲ್ಲಿ ರೂಪುಗೊಂಡಿತು. 1988ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಒಂದು ಸಂಕಲನ ಅದರ ಹೆಸರನ್ನು ಜಗತ್ತಿಗೆ ಮುಟ್ಟಿಸಿತು. ಅದೇ ನಗರದ ರಾಬರ್ಟ್ ಹುಡ್ 1994ರಲ್ಲಿ ‘ಮಿನಿಮಲ್ ನೇಷನ್’ ಎಂಬ ಕೃತಿಯಲ್ಲಿ ಹಾಡು, ಆಡಂಬರದ ಸ್ವರಸಮೂಹ, ಭಾವೋದ್ವೇಗದ ಏರಿಳಿತಗಳನ್ನೆಲ್ಲ ಕಳಚಿ ಬಡಿತ ಮತ್ತು ಒಂದೆರಡು ಸ್ವರಗಳನ್ನಷ್ಟೇ ಉಳಿಸಿದರು. ಬರ್ಲಿನ್ನಿನಲ್ಲಿ ಮೊರಿಟ್ಸ್ ಫಾನ್ ಓಸ್ವಾಲ್ಡ್ ಮತ್ತು ಮಾರ್ಕ್ ಅರ್ನೆಸ್ಟಸ್ ‘ಬೇಸಿಕ್ ಚಾನೆಲ್’ ಹೆಸರಿನಲ್ಲಿ ಬಡಿತವನ್ನೂ ಮಂಜಿನಂಥ ಪ್ರತಿಧ್ವನಿಯೊಳಗೆ ಮುಳುಗಿಸಿದರು. ಕೆನಡಾದ ವಿಂಡ್ಸರ್ ಪಟ್ಟಣದಲ್ಲಿ, ನದಿಯ ಆಚೆ ದಡದಲ್ಲೇ ಡೆಟ್ರಾಯಿಟ್ ಕಾಣುವ ಊರಿನಲ್ಲಿ, ಬೆಳೆದ ರಿಚಿ ಹಾಟಿನ್ ‘ಪ್ಲಾಸ್ಟಿಕ್‌ಮ್ಯಾನ್’ ಎಂಬ ಹೆಸರಿನಿಂದ 1998ರಲ್ಲಿ ಹೊರತಂದ ‘ಕನ್ಸ್ಯೂಮ್ಡ್’ ಈ ದಾರಿಯ ಕಡುಗತ್ತಲ ತುದಿ. ಕುಣಿತದ ಸಂಗೀತದಿಂದ ಹುಟ್ಟಿದ್ದರೂ ಕುಣಿಯಲು ಹೇಳದ, ಕೆಳಸ್ವರದ ಗುಡುಗು, ಅಲ್ಲೊಂದು ಇಲ್ಲೊಂದು ಟಿಕ್ಕೆನ್ನುವ ಸದ್ದು ಮತ್ತು ಅವುಗಳ ನಡುವಿನ ಬಹುದೊಡ್ಡ ಬಯಲು, ಇಷ್ಟರಿಂದಲೇ ಆ ಆಲ್ಬಮ್ ನಿಂತಿದೆ.

ಇಂಥ ಕೃತಿಯಲ್ಲಿ ಏನೂ ಇಲ್ಲ ಎನ್ನುವವರನ್ನು ಅರಸಿಕರೆಂದು ತಳ್ಳಿಹಾಕುವ ಮೊದಲು ಅವರು ಯಾವುದರಿಂದ ಕೇಳಿದರು ಎಂದು ವಿಚಾರಿಸುವುದು ನ್ಯಾಯ. ಡ್ರಮ್ ಮಷೀನಿನ ದಪ್ಪ ಬಡಿತದ ಮೂಲಕಂಪನ ಸುಮಾರು 50ರಿಂದ 60 ಹರ್ಟ್ಸ್‌ನಲ್ಲಿರುತ್ತದೆ, ಎಂದರೆ ಗಾಳಿ ಸೆಕೆಂಡಿಗೆ ಅಷ್ಟು ಬಾರಿ ಅದುರುತ್ತದೆ. ಮೊಬೈಲ್ ಫೋನಿನ ಕಾಳಿನಷ್ಟು ಸಣ್ಣ ಸ್ಪೀಕರ್ 300 ಹರ್ಟ್ಸ್‌ಗಿಂತ ಕೆಳಗಿನ ನಾದವನ್ನು ಬಹುಮಟ್ಟಿಗೆ ಕಳೆದುಬಿಡುತ್ತದೆ. ಚಿತ್ರಗೀತೆಯಲ್ಲಿ ಇದರಿಂದ ಅಂಥ ನಷ್ಟವಿಲ್ಲ, ಏಕೆಂದರೆ ಹಾಡುಗಾರರ ದನಿ ಉಳಿಯುತ್ತದೆ, ಕಿವಿ ಕಳೆದುಹೋದದ್ದನ್ನು ಊಹಿಸಿಕೊಳ್ಳುತ್ತದೆ. ಆದರೆ ಮುಕ್ಕಾಲು ಪಾಲು ಕೆಳಸ್ವರದಲ್ಲೇ ಬರೆದ ಕೃತಿಯನ್ನು ಹಿರಿಯೂರಿನ ಬಸ್ ನಿಲ್ದಾಣದಲ್ಲಿ ಫೋನನ್ನು ಕಿವಿಗೆ ಹಿಡಿದು ಕೇಳಿದವನಿಗೆ ನಿಜಕ್ಕೂ ಏನೂ ಕೇಳಿಸುವುದಿಲ್ಲ. ಆತನ ದೂರು ಭೌತಶಾಸ್ತ್ರದ ದೃಷ್ಟಿಯಿಂದ ಸರಿಯಾಗಿಯೇ ಇದೆ.

ಟೆಕ್ನೋ ಹುಟ್ಟಿದ್ದು ಕಾರು ಕಾರ್ಖಾನೆಗಳ ಊರಿನಲ್ಲಿ, ಆದ್ದರಿಂದ ಅದು ಯಂತ್ರದ ಸದ್ದಿನ ಪ್ರತಿಬಿಂಬ ಎಂಬ ವಿವರಣೆಯೊಂದು ಬಹಳ ಚಲಾವಣೆಯಲ್ಲಿದೆ. ಅದು ಅರ್ಧ ಸತ್ಯ. ಹೊಸದುರ್ಗ, ಹಿರಿಯೂರು ಮತ್ತು ಚಿತ್ರದುರ್ಗದ ಗುಡ್ಡಸಾಲುಗಳ ಮೇಲೆ ಈಗ ಗಾಳಿಯಂತ್ರಗಳು ಸಾಲಾಗಿ ನಿಂತಿವೆ. ಮೂರು ರೆಕ್ಕೆಯ ಒಂದು ಯಂತ್ರ ನಿಮಿಷಕ್ಕೆ 20 ಸುತ್ತು ತಿರುಗಿದರೆ ಅಷ್ಟು ಹೊತ್ತಿನಲ್ಲಿ 60 ಬಾರಿ ರೆಕ್ಕೆ ಕಂಬದ ಮುಂದೆ ಹಾದು ಸುಂಯ್ಯೆನ್ನುತ್ತದೆ, ರಾತ್ರಿಯಿಡೀ ಒಂದೇ ಗತಿಯಲ್ಲಿ. ಯಂತ್ರದ ಸದ್ದೊಂದೇ ಸಾಕಾಗಿದ್ದರೆ ಇಷ್ಟರಲ್ಲಿ ಹೊಸದುರ್ಗದ ಗುಡ್ಡದಡಿಯ ಹಳ್ಳಿಗಳಿಂದ ಟೆಕ್ನೋ ಹುಟ್ಟಿಬರಬೇಕಿತ್ತು. ಸದ್ದು ಸಂಗೀತವಾಗಬೇಕಾದರೆ ಅದರ ಎದುರು ಹೇಗೆ ನಿಲ್ಲಬೇಕೆಂದು ತಿಳಿದ ಜನರ ಗುಂಪೊಂದು ಬೇಕಾಗುತ್ತದೆ, ಮತ್ತು ಅಂಥ ಗುಂಪುಗಳು ಈ ಜಿಲ್ಲೆಯಲ್ಲಿ ಗಾಳಿಯಂತ್ರಗಳು ಬರುವ ಬಹುಕಾಲ ಮೊದಲೇ ಇದ್ದವು.

ಉರುಮೆ ಎರಡು ಮುಖದ ಚರ್ಮವಾದ್ಯ. ಒಂದು ಮುಖವನ್ನು ಕೋಲಿನಿಂದ ಬಡಿಯುತ್ತಾರೆ. ಇನ್ನೊಂದನ್ನು ಬಡಿಯುವುದಿಲ್ಲ, ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಕೋಲು ಚರ್ಮವನ್ನು ಒಂದು ಕ್ಷಣ ಹಿಡಿದು, ಜಾರಿ, ಮತ್ತೆ ಹಿಡಿಯುವುದು ಸೆಕೆಂಡಿಗೆ ಹತ್ತಾರು ಸಲ ನಡೆಯುವುದರಿಂದ ಹೊರಡುವ ನಾದಕ್ಕೆ ಬಡಿತದ ಚೂಪಿಲ್ಲ; ಅದು ಹೊಟ್ಟೆಯಿಂದ ಎದ್ದು ಬರುವ ನರಳಿಕೆಯಂತೆ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಮ್ಯಾಸಬೇಡ ಸಮುದಾಯದ ದೇವರುಗಳ ಪೂಜೆ, ಪರಿಷೆ, ಹೊಳೆಗೆ ಹೋಗುವ ಮೆರವಣಿಗೆಗಳಲ್ಲಿ ಈ ವಾದ್ಯಕ್ಕೆ ಖಾಯಂ ಸ್ಥಾನವಿದೆ, ಮತ್ತು ಅದನ್ನು ನುಡಿಸುವವರು ಹೆಚ್ಚಾಗಿ ಪರಿಶಿಷ್ಟ ಜಾತಿಗಳ ಕಲಾವಿದರು. ಅದರಲ್ಲಿ ಮಟ್ಟು ಎನ್ನುವಂಥದ್ದಿಲ್ಲ. ಒಂದೇ ಗತಿ ಬಹಳ ಹೊತ್ತು ನಡೆಯುತ್ತದೆ, ನಡುವೆ ಬಡಿತ ಒತ್ತಾಗುತ್ತದೆ ಅಥವಾ ಸಡಿಲವಾಗುತ್ತದೆ, ಉಜ್ಜುವ ನಾದ ಏರುತ್ತದೆ, ಮತ್ತೆ ಇಳಿಯುತ್ತದೆ. ಹೊರಗಿನಿಂದ ಬಂದವರು ಕಾಗದದ ಮೇಲೆ ಬರೆದುಕೊಳ್ಳಹೊರಟರೆ ನಾಲ್ಕು ಸಾಲಿನಲ್ಲಿ ಮುಗಿಯುವಷ್ಟೇ ಅದರ ಸಾಮಗ್ರಿ.

ಟೆಕ್ನೋದ ಬಳಗಕ್ಕೆ ಸೇರಿದ ಒಂದು ಯಂತ್ರದ ಕಥೆಯನ್ನು ಇದರ ಪಕ್ಕದಲ್ಲಿಡಬಹುದು. ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ಗಿಟಾರ್ ವಾದಕರ ಒಂಟಿ ಅಭ್ಯಾಸಕ್ಕೆ ನೆರವಾಗಲೆಂದು ಟಿಬಿ-303 ಎಂಬ ಪುಟ್ಟ ಮಂದ್ರಸ್ವರ ಯಂತ್ರವನ್ನು ಮಾಡಿತು. ಅದು ಯಾವ ಗಿಟಾರಿನಂತೆಯೂ ಕೇಳಿಸದೆ ಮಾರುಕಟ್ಟೆಯಲ್ಲಿ ಸೋತಿತು. ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕ ಆ ಯಂತ್ರ ನುಡಿಯುತ್ತಿರುವಾಗಲೇ ಶಿಕಾಗೋದ ಹುಡುಗರು ಅದರ ಗುಂಡಿಗಳನ್ನು ತಿರುಗಿಸಿದಾಗ ಸ್ವರ ಜಾರುತ್ತ, ನರಳುತ್ತ, ಗುಳುಗುಳಿಸತೊಡಗಿತು. 1987ರ ‘ಆಸಿಡ್ ಟ್ರ್ಯಾಕ್ಸ್’ ಎಂಬ ಕೃತಿ ಹುಟ್ಟಿದ್ದು ಹಾಗೆ. ಉರುಮೆಯ ಉಜ್ಜುನಾದಕ್ಕೂ ಈ ಯಂತ್ರದ ಜಾರುನಾದಕ್ಕೂ ಯಾವ ವಂಶಸಂಬಂಧವೂ ಇಲ್ಲ. ಆದರೆ ಸ್ವರವನ್ನು ಬದಲಿಸದೆ ಸ್ವರದ ಮೈಯನ್ನು ಮಾತ್ರ ಬದಲಿಸುತ್ತ ಹೊತ್ತನ್ನು ತುಂಬುವ ಉಪಾಯ ಎರಡರಲ್ಲೂ ಒಂದೇ, ಮತ್ತು ಮಟ್ಟನ್ನು ಹುಡುಕುವ ಕಿವಿಗೆ ಎರಡೂ ಒಂದೇ ಬಗೆಯಲ್ಲಿ ನಿರಾಸೆ ಉಂಟುಮಾಡುತ್ತವೆ.

ಗಣೆಯ ಗುಣ ಬೇರೆ. ಹಿರಿಯೂರು, ಚಳ್ಳಕೆರೆ ಮತ್ತು ಪಕ್ಕದ ಶಿರಾ ಸೀಮೆಯ ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ವೀರ ಜುಂಜಪ್ಪನ ಕಥನದೊಂದಿಗೆ ನುಡಿಸುವ ಈ ಬಿದಿರಿನ ವಾದ್ಯ ಸಾಮಾನ್ಯ ಕೊಳಲಿಗಿಂತ ಬಹಳ ಉದ್ದ. ನಳಿಗೆ ಉದ್ದವಾದಷ್ಟೂ ಸ್ವರ ಕೆಳಕ್ಕಿಳಿಯುವುದರಿಂದ ಅದರ ದನಿ ಮಂದ್ರದಲ್ಲಿ, ಸ್ವರಕ್ಕಿಂತ ಉಸಿರೇ ಹೆಚ್ಚಾಗಿ ಕೇಳುವಂತೆ ಹೊರಡುತ್ತದೆ. ಒಂದಿಷ್ಟು ಕಥೆ, ಒಂದಿಷ್ಟು ಗಣೆ, ಮತ್ತೆ ಕಥೆ, ಹೀಗೆ ಇರುಳು ಸಾಗುವಾಗ ವಾದ್ಯದ ಪಾಲು ಕಥೆಯನ್ನು ಬೆಳೆಸುವುದಲ್ಲ, ಕಥೆ ನಿಂತ ಜಾಗವನ್ನು ಬರಿದಾಗಿ ಬಿಡದಿರುವುದು. ಕಾಡುಗೊಲ್ಲ ಹೆಣ್ಣುಮಕ್ಕಳ ಪದಗಳಲ್ಲೂ, ನಾಡೋಜ ಗೌರವ ಪಡೆದ ಚಳ್ಳಕೆರೆ ಸೀಮೆಯ ಸಿರಿಯಜ್ಜಿಯವರ ಹಾಡುಗಾರಿಕೆಯಲ್ಲೂ, ಮಟ್ಟಿನ ಹರವು ಕಿರಿದು, ಆವರ್ತನೆ ಅಪಾರ. ಸಾವಿರಾರು ಸಾಲುಗಳನ್ನು ಹೊರಬೇಕಾದ ಮಟ್ಟು ತಾನೇ ಅಲಂಕಾರ ತೊಟ್ಟು ನಿಂತರೆ ಸಾಲು ನೆನಪಿನಲ್ಲಿ ಉಳಿಯುವುದಿಲ್ಲ.

ಇಂಥ ನಾದದ ಎದುರು ಮನುಷ್ಯರಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ವಿದ್ವತ್ತಿನ ಲೋಕದಲ್ಲಿ ಒಂದು ಹಳೆಯ ವಾದವಿದೆ. ಆಂಡ್ರ್ಯೂ ನೆಹರ್ ಎಂಬ ಅಮೆರಿಕದ ಸಂಶೋಧಕರು 1962ರಲ್ಲಿ, ಆಚರಣೆಗಳಲ್ಲಿ ಜನರ ಮೈಮೇಲೆ ದೇವರು ಬರುವುದಕ್ಕೆ ಚರ್ಮವಾದ್ಯದ ಬಡಿತ ಮಿದುಳಿನ ವಿದ್ಯುತ್ ಲಯವನ್ನು ತನ್ನ ಗತಿಗೆ ಎಳೆದುಕೊಳ್ಳುವುದೇ ಕಾರಣವೆಂಬ ವಿವರಣೆಯನ್ನು ಮುಂದಿಟ್ಟರು. ಫ್ರಾನ್ಸಿನ ಸಂಗೀತಶಾಸ್ತ್ರಜ್ಞ ಜಿಲ್ಬೇರ್ ರೂಜೆ 1980ರಲ್ಲಿ ಸಂಗೀತ ಮತ್ತು ಆವೇಶವನ್ನು ಕುರಿತ ತಮ್ಮ ಪುಸ್ತಕದಲ್ಲಿ ಇದನ್ನು ಕಟುವಾಗಿ ತಿರಸ್ಕರಿಸಿದರು. ಬಡಿತಕ್ಕೆ ಅಂಥ ಯಾಂತ್ರಿಕ ಶಕ್ತಿ ಇದ್ದಿದ್ದರೆ ಬಡಿಯುವವನೂ, ಸುತ್ತ ನಿಂತ ಎಲ್ಲರೂ ಆವೇಶಕ್ಕೆ ಒಳಗಾಗಬೇಕಿತ್ತು. ಹಾಗಾಗದೆ ಯಾರಿಗೆ, ಯಾವಾಗ, ಯಾವ ದೇವರ ಹೆಸರಿನಲ್ಲಿ ಬರಬೇಕೆಂಬುದನ್ನು ಆ ಸಮಾಜದ ನಂಬಿಕೆಯ ಚೌಕಟ್ಟು ನಿರ್ಧರಿಸುತ್ತದೆ ಎಂಬುದು ಅವರ ವಾದ. ಬಯಲುಸೀಮೆಯ ಯಾವ ಪರಿಷೆಯಲ್ಲಾದರೂ ಹತ್ತು ನಿಮಿಷ ನಿಂತವರಿಗೆ ಗೆಲ್ಲುವುದು ರೂಜೆಯವರ ಪಕ್ಷ ಎಂಬುದು ತಿಳಿಯುತ್ತದೆ. ಉರುಮೆ ನೂರು ಜನರ ಕಿವಿಗೆ ಬೀಳುತ್ತದೆ. ದೇವರು ಬರುವುದು ಪೂಜಾರಿಯ ಮೈಮೇಲೆ. ಒಬ್ಬರು ಅವನ ನಡು ಹಿಡಿದು ನಿಲ್ಲುತ್ತಾರೆ, ಒಬ್ಬರು ಅಪ್ಪಣೆ ಕೇಳುತ್ತಾರೆ, ಹೆಂಗಸರು ಆರತಿ ಹಿಡಿದು ಕಾಯುತ್ತಾರೆ, ಹುಡುಗರು ಮರ ಹತ್ತಿ ನೋಡುತ್ತಾರೆ, ಉರುಮೆಯವರು ಬೆವರುತ್ತ ಪೂಜಾರಿಯ ಕಾಲನ್ನೇ ಗಮನಿಸುತ್ತ ಗತಿ ಏರಿಸುತ್ತಾರೆ. ಪ್ರತಿಯೊಬ್ಬರಿಗೂ ಒಂದು ಕೆಲಸವಿದೆ, ಸುಮ್ಮನೆ ನೋಡುವುದೂ ಅಲ್ಲೊಂದು ಕೆಲಸ. ಆದ್ದರಿಂದಲೇ ಆ ನಾದ ಬೇಸರ ತರಿಸುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ಹುಟ್ಟುವುದೇ ಇಲ್ಲ.

ಹೆಡ್‌ಫೋನ್ ಹಾಕಿಕೊಂಡು ಕನ್ಸ್ಯೂಮ್ಡ್ ಕೇಳುವವನಿಗೆ ಇಂಥ ಕೆಲಸವೊಂದೂ ಇಲ್ಲ. ಟೆಕ್ನೋ ಕ್ಲಬ್ಬಿನಲ್ಲಿ ಕುಣಿಯುವವನಿಗಾದರೂ ಕಾಲಿಗೆ ಕೆಲಸವಿರುತ್ತದೆ, ಆಲ್ಬಮ್ ಅದನ್ನೂ ಕಸಿದುಕೊಳ್ಳುತ್ತದೆ. ಆಗ ಉಳಿಯುವುದು ಎರಡೇ ದಾರಿ: ಎದ್ದುಹೋಗುವುದು, ಇಲ್ಲವೇ ಗಮನವನ್ನೇ ಕೆಲಸವನ್ನಾಗಿ ಮಾಡಿಕೊಳ್ಳುವುದು. ಎರಡನೆಯ ದಾರಿ ಹಿಡಿದವರಿಗೆ ಏನಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರ ಸ್ವಲ್ಪಮಟ್ಟಿಗೆ ವಿವರಿಸಬಲ್ಲದು. ಒಂದೇ ತೂಕದ ಟಿಕ್ ಸದ್ದುಗಳನ್ನು ಸಮ ಅಂತರದಲ್ಲಿ ಕೇಳಿಸಿದರೂ ಮನಸ್ಸು ಅವುಗಳನ್ನು ಎರಡೆರಡಾಗಿಯೋ ನಾಲ್ಕು ನಾಲ್ಕಾಗಿಯೋ ಜೋಡಿಸಿ ಒಂದಕ್ಕೆ ಹೆಚ್ಚು ಒತ್ತು ಇದೆಯೆಂದೇ ಕೇಳಿಸಿಕೊಳ್ಳುತ್ತದೆ. ಗೋಡೆ ಗಡಿಯಾರ ಟಿಕ್‌ಟಿಕ್ ಎನ್ನದೆ ಟಿಕ್‌ಟಾಕ್ ಎನ್ನುವುದು ಇದರಿಂದಲೇ. ಡಯಾನಾ ಡಾಯ್ಚ್ ಎಂಬ ಸಂಶೋಧಕಿ 1995ರಲ್ಲಿ ಗುರುತಿಸಿದ ಇನ್ನೊಂದು ವಿದ್ಯಮಾನದಲ್ಲಿ, ಧ್ವನಿಮುದ್ರಿಸಿದ ಸಾಧಾರಣ ಮಾತಿನ ತುಣುಕೊಂದನ್ನು ಏನೂ ಬದಲಿಸದೆ ಮತ್ತೆ ಮತ್ತೆ ಕೇಳಿಸಿದಾಗ ಅದು ಹಾಡಾಗಿ ಕೇಳತೊಡಗುತ್ತದೆ. ನಿಮಿಷಕ್ಕೆ 130 ಬಡಿತವೆಂದರೆ ಗಂಟೆಗೆ 7,800 ಬಡಿತ. ಅಷ್ಟೂ ಒಂದೇ ತೆರನಾಗಿದ್ದರೂ ಕೇಳುಗನ ಒಳಗೆ ಅವು ಒಂದೇ ತೆರನಾಗಿ ಉಳಿಯುವುದಿಲ್ಲ. ಆವರ್ತನೆಯನ್ನು ಕುರಿತು 2014ರಲ್ಲಿ ಪುಸ್ತಕ ಬರೆದ ಎಲಿಜಬೆತ್ ಮಾರ್ಗುಲಿಸ್, ಮರಳಿ ಬರುವ ನಾದ ಕೇಳುಗನನ್ನು ಒಳಗೊಳಗೇ ಜೊತೆಗೂಡಿ ನುಡಿಸುವವನನ್ನಾಗಿ ಮಾಡುತ್ತದೆ ಎಂದು ವಾದಿಸುತ್ತಾರೆ.

ಈ ಬಗೆಯ ಗಮನದ ಅಭ್ಯಾಸ ಚಿತ್ರದುರ್ಗ ಜಿಲ್ಲೆಗೆ ಹೊಸದಲ್ಲ. ಹಳ್ಳಿಗಳ ಅಖಂಡ ಭಜನೆಯಲ್ಲಿ ಒಂದೇ ನಾಮವನ್ನು ತಾಳದ ಮೇಲೆ ಹಗಲಿರುಳು ಹೇಳುತ್ತಾರೆ, ದಣಿದವರ ಜಾಗಕ್ಕೆ ಇನ್ನೊಂದು ತಂಡ ಕೂರುತ್ತದೆ, ನಾದ ಕಡಿಯುವಂತಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರು ಯೋಗಶಿಕ್ಷಣದ ಮೂಲಕ ಕಲಿಸಿದ್ದರಲ್ಲೂ, ಬದಲಾಗದ ಒಂದರ ಮೇಲೆ, ಎಂದರೆ ಉಸಿರಿನ ಮೇಲೆ, ಮನಸ್ಸನ್ನು ನಿಲ್ಲಿಸುವುದು ಸೇರಿತ್ತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮುಂದಾಳುತನದಲ್ಲಿ ನಡೆಯುವ ನಾಟಕೋತ್ಸವಕ್ಕೆ ಗ್ರೀಕ್ ಮಾದರಿಯ ಬಯಲು ರಂಗಮಂದಿರದ ಮೆಟ್ಟಿಲುಗಳ ಮೇಲೆ ಕೂರುವ ರೈತ ಕುಟುಂಬಗಳು, ನಿಧಾನಗತಿಯ ಪ್ರಯೋಗಗಳನ್ನೂ ಕೊನೆಯವರೆಗೆ ಕೂತು ನೋಡುವುದನ್ನು ವರ್ಷವರ್ಷವೂ ಬೆಳೆಸಿಕೊಂಡಿವೆ. ಗ್ರಾಮೀಣ ಕೇಳುಗನಿಗೆ ಅಬ್ಬರವೇ ಬೇಕು ಎಂಬ ಪಟ್ಟಣಿಗರ ಊಹೆ ಇಲ್ಲಿ ನಿಲ್ಲುವುದಿಲ್ಲ.

ಆದರೆ ಪರಿಷೆಯ ವೃತ್ತವನ್ನು ಆದರ್ಶವೆಂದು ಹೊಗಳಿ ಹೆಡ್‌ಫೋನನ್ನು ಹೀಗಳೆಯುವುದು ಅಪ್ರಾಮಾಣಿಕವಾದೀತು. ಆ ವೃತ್ತದಲ್ಲಿ ಪಾತ್ರಗಳು ಹುಟ್ಟಿನಿಂದ ಹಂಚಿಕೆಯಾದವು. ದೇವರನ್ನು ಕರೆಯುವ ನಾದ ಯಾರ ಕೈಯಿಂದ ಬರುತ್ತಿತ್ತೋ ಅವರೇ ಗುಡಿಯ ಹೊಸ್ತಿಲ ಹೊರಗೆ ನಿಲ್ಲಬೇಕಾಗಿತ್ತು. ಮುಟ್ಟಾದ ಮತ್ತು ಹೆತ್ತ ಹೆಣ್ಣುಮಕ್ಕಳನ್ನು ಹಟ್ಟಿಯ ಹೊರಗಿಡುವ ರೂಢಿ ಇದ್ದ ಗೊಲ್ಲರಹಟ್ಟಿಗಳಲ್ಲಿ ಗಣೆಯ ದನಿಯನ್ನು ಕೆಲವರು ದೂರದಿಂದಲೇ ಕೇಳಬೇಕಾಗಿತ್ತು. ಟೆಕ್ನೋ ಮತ್ತು ಅದರ ಅಕ್ಕನಂತಿರುವ ಹೌಸ್ ಸಂಗೀತದ ಆರಂಭದ ಕೇಳುಗರು ಕಪ್ಪುಜನರು ಮತ್ತು, ವಿಶೇಷವಾಗಿ ಶಿಕಾಗೋದಲ್ಲಿ, ಸಲಿಂಗಿಗಳು. ಬೇರೆಡೆ ಪಾತ್ರ ನಿರಾಕರಿಸಿದ್ದಕ್ಕೇ ಅವರು ದೀಪ ಆರಿಸಿದ ಗೋದಾಮುಗಳಲ್ಲಿ ಸೇರಿದರು. ಯಾರು ಯಾರೆಂದು ಕಾಣದ ಕತ್ತಲು ಅವರಿಗೆ ಬೇಕಾಗಿತ್ತು. ಯಾವ ಪಾತ್ರವನ್ನೂ ಕೊಡದ ಆಲ್ಬಮ್ ಯಾರನ್ನೂ ಹೊರಗೆ ನಿಲ್ಲಿಸುವುದೂ ಇಲ್ಲ.

ಪಾತ್ರ ಬದಲಾದರೆ ಪ್ರತಿಕ್ರಿಯೆಯೂ ಬದಲಾಗುತ್ತದೆ ಎಂಬುದಕ್ಕೆ ಭಾರತದ್ದೇ ಒಂದು ಆಲ್ಬಮ್ ಸಾಕ್ಷಿಯಾಗಿದೆ. ಮುಂಬೈಯ ಚಿತ್ರಸಂಗೀತ ವಾದಕ ಚರಣ್‌ಜಿತ್ ಸಿಂಗ್ 1982ರಲ್ಲಿ ಟಿಬಿ-303 ಯಂತ್ರ ಮತ್ತು ಟಿಆರ್-808 ಎಂಬ ಡ್ರಮ್ ಮಷೀನಿನ ಮೇಲೆ ಭೈರವಿ, ಲಲಿತ್, ಭೂಪಾಲಿ ಮುಂತಾದ 10 ರಾಗಗಳನ್ನು ಡಿಸ್ಕೊ ಬಡಿತಕ್ಕೆ ಕೂರಿಸಿದರು. ರಾಗ ಕೇಳುವವರಿಗೆ ಅದು ರಾಗವಾಗಲಿಲ್ಲ, ಡಿಸ್ಕೊ ಕುಣಿಯುವವರಿಗೆ ಡಿಸ್ಕೊ ಆಗಲಿಲ್ಲ. ಹಾಡಿಲ್ಲದ ಆ ತಟ್ಟೆಯನ್ನು ಏನು ಮಾಡಬೇಕೆಂದು ಯಾರಿಗೂ ತೋಚದೆ ಅದು ಮೂಲೆ ಸೇರಿತು. 2010ರಲ್ಲಿ ಡಚ್ ಸಂಗ್ರಾಹಕರೊಬ್ಬರ ಮೂಲಕ ಮರುಬಿಡುಗಡೆಯಾದಾಗ, ಅಷ್ಟರಲ್ಲಿ ಎರಡು ದಶಕ ಅದೇ ಯಂತ್ರಗಳ ನಾದಕ್ಕೆ ಕುಣಿದಿದ್ದ ಯುರೋಪಿನ ಕೇಳುಗರು ಬೆರಗಾದರು. ತಟ್ಟೆಯೊಳಗಿನ ಒಂದು ಸ್ವರವೂ ಬದಲಾಗಿರಲಿಲ್ಲ.

ರಾಗದ ಕೇಳುಗನಿಗೆ ಈ ನಿರಾಸೆ ಯಾಕಾಯಿತೆಂಬುದು ಊಹಿಸಬಹುದಾದ್ದೇ. ಚಿತ್ರದುರ್ಗದ ಹಿನ್ನೆಲೆಯಲ್ಲಿ ತ.ರಾ.ಸು. ಬರೆದ, 1975ರಲ್ಲಿ ಜಿ.ವಿ. ಅಯ್ಯರ್ ತೆರೆಗೆ ತಂದ ‘ಹಂಸಗೀತೆ’ಯ ಭೈರವಿ ವೆಂಕಟಸುಬ್ಬಯ್ಯನ ಲೋಕದಲ್ಲಿ ಕೇಳುಗನೆಂದರೆ ವಿಸ್ತಾರವನ್ನು ಹೆಜ್ಜೆಹೆಜ್ಜೆಯಾಗಿ ಹಿಂಬಾಲಿಸಿ ತಲೆದೂಗುವವನು; ಅವನಿಗೆ ಹತ್ತಲು ಮೆಟ್ಟಿಲು ಬೇಕು. ಆದರೆ ಹಿಂದೂಸ್ತಾನಿಯ ಕಿರಾಣಾ ಘರಾಣೆ, ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರವರೆಗೆ ಕನ್ನಡನಾಡಿನಲ್ಲಿ ಬೇರೂರಿದ ಆ ಪರಂಪರೆ, ಒಂದೊಂದು ಸ್ವರದ ಮೇಲೂ ಬಹಳ ಹೊತ್ತು ನಿಲ್ಲುವುದಕ್ಕೇ ಹೆಸರಾದದ್ದು. ಅದೇ ಘರಾಣೆಯ ಅಬ್ದುಲ್ ವಾಹಿದ್ ಖಾನರ ಶಿಷ್ಯ ಪಂಡಿತ್ ಪ್ರಾಣನಾಥರಲ್ಲಿ 1970ರಿಂದ ಕಲಿತವರು ಲಾ ಮಾಂಟ್ ಯಂಗ್ ಮತ್ತು ಟೆರಿ ರೈಲಿ, ಅಮೆರಿಕದಲ್ಲಿ ಮಿನಿಮಲ್ ಸಂಗೀತವೆಂಬ ಪಂಥವನ್ನು ಶುರುಮಾಡಿದವರಲ್ಲಿ ಇಬ್ಬರು. ಅಲ್ಲಿಂದ ಟೆಕ್ನೋದವರೆಗೆ ನೇರ ಗೆರೆ ಎಳೆಯುವುದು ಅತಿಯಾದೀತು. ನಿಧಾನವನ್ನು ಸಹಿಸುವ ಕಿವಿ ಒಂದೇ ಖಂಡದ ಸ್ವತ್ತಲ್ಲ ಎಂಬಷ್ಟನ್ನು ಹೇಳಬಹುದು.

ಇಂದು ಚಿತ್ರದುರ್ಗದ ಬೀದಿಯಲ್ಲಿ ಡಿಜೆ ಎಂದರೆ ಲಾರಿಯ ಮೇಲೆ ಗೋಡೆಯಂತೆ ಪೇರಿಸಿದ ಸ್ಪೀಕರ್ ಪೆಟ್ಟಿಗೆಗಳು. ಗಣೇಶ ವಿಸರ್ಜನೆಯ ಮೆರವಣಿಗೆಗಳಲ್ಲಿ ಅವುಗಳ ಮಂದ್ರನಾದ ಅಂಗಡಿಗಳ ಕಬ್ಬಿಣದ ಬಾಗಿಲುಗಳನ್ನು ನಡುಗಿಸುತ್ತದೆ, ಮತ್ತು ಶಬ್ದಮಾಲಿನ್ಯ ನಿಯಂತ್ರಣಕ್ಕೆಂದು 2000ದಲ್ಲಿ ಬಂದ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿದ್ದರೂ ಆ ಮಿತಿ ಮೆರವಣಿಗೆಯ ಮೊದಲ ತಿರುವಿನಲ್ಲೇ ಬಿದ್ದುಹೋಗುತ್ತದೆ. ಫೋನಿನಲ್ಲಿ ಕಳೆದುಹೋಗುವ ಕೆಳಸ್ವರ ಇಲ್ಲಿ ಎದೆಯ ಮೂಳೆಗೆ ತಟ್ಟುತ್ತದೆ. ಕನ್ಸ್ಯೂಮ್ಡ್‌ನಂಥ ಕೃತಿಗೆ ಬೇಕಾದ ಸಲಕರಣೆ ಈ ಜಿಲ್ಲೆಯಲ್ಲಿ ಧಾರಾಳವಾಗಿದೆ, ಅದನ್ನು ಮೆಲ್ಲಗೆ ನುಡಿಸುವ ಸಂದರ್ಭ ಮಾತ್ರ ಇಲ್ಲ.

ಆ ಆಲ್ಬಮ್ಮಿಗೆ ಬಂದ ಪ್ರತಿಕ್ರಿಯೆಗಳಲ್ಲಿ ಅತ್ಯಂತ ವಿಚಿತ್ರವಾದದ್ದು ಬರಲು 24 ವರ್ಷ ಬೇಕಾಯಿತು. ಕೆನಡಾ ಮೂಲದ ಪಿಯಾನೋ ವಾದಕ ಚಿಲ್ಲಿ ಗೊನ್ಸಾಲೆಸ್ ಅದನ್ನು ಕೇಳಿ, ಅದರ ಖಾಲಿ ಜಾಗಗಳಲ್ಲಿ ತಮ್ಮ ಪಿಯಾನೋವನ್ನು ನುಡಿಸಿ, ಮೂಲಧ್ವನಿಯನ್ನು ಹಾಗೆಯೇ ಉಳಿಸಿಕೊಂಡು, ಹಾಟಿನ್ ಅವರ ಒಪ್ಪಿಗೆಯೊಂದಿಗೆ 2022ರಲ್ಲಿ ‘ಕನ್ಸ್ಯೂಮ್ಡ್ ಇನ್ ಕೀ’ ಎಂಬ ಹೊಸ ಆಲ್ಬಮ್ ತಂದರು. ಕೇಳುಗನೊಬ್ಬ ತನಗೆ ಕೊಡದ ಪಾತ್ರವನ್ನು ತಾನೇ ಬರೆದುಕೊಂಡದ್ದು ಎಂದು ಅದನ್ನು ಓದಬಹುದು. ಖಾಲಿ ಇರಲೆಂದೇ ಬಿಟ್ಟ ಜಾಗವನ್ನು ತುಂಬಿದ್ದು ಸರಿಯೇ ಎಂಬ ಆಕ್ಷೇಪವೂ ಅಷ್ಟೇ ಗಟ್ಟಿಯಾದದ್ದು. ಆದರೂ ಒಂದು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಗೊನ್ಸಾಲೆಸ್ ಎಷ್ಟೇ ಸೂಕ್ಷ್ಮವಾಗಿ ನುಡಿಸಿದರೂ 1998ರ ಆ ಬಡಿತ ಅವರನ್ನು ಕೇಳಿಸಿಕೊಳ್ಳುವುದಿಲ್ಲ, ಅವರಿಗಾಗಿ ನಿಲ್ಲುವುದಿಲ್ಲ, ಒತ್ತಾಗುವುದಿಲ್ಲ. ಕ್ಲಬ್ಬಿನ ಡಿಜೆ ಕುಣಿಯುವವರ ಮುಖ ನೋಡಿ ತಟ್ಟೆ ಬದಲಿಸುತ್ತಾನೆ. ಉರುಮೆಯವರಂತೂ ಪೂಜಾರಿಯ ಕಾಲು ತಡವರಿಸಿದ ಕೂಡಲೇ ಕೋಲಿನ ಒತ್ತಡ ಸಡಿಲಿಸುತ್ತಾರೆ.